‘ಬತ್ತೆ’ ಅಂದು ಹೋದವನು

ಮೊದಲೇ ಹೇಳಿಬಿಡುತ್ತೇನೆ, ಆ ಸಂಜೆ ನಾನು ಒಂದು ತೊಟ್ಟೂ ಕುಡಿದಿರಲಿಲ್ಲ. ದೋಣಿ ನನ್ನದು, ಎಲ್ಲರನ್ನೂ ವಾಪಸ್ ದಡ ಮುಟ್ಟಿಸಬೇಕಾದವನೂ ನಾನೇ. ಹೊಳೆಯ ಮೇಲಿದ್ದಾಗ ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಆದ್ದರಿಂದ, ಎಣ್ಣೆ ಒಳಗೆ ಹೋದರೆ ಎಲ್ಲರಿಗೂ ದೆವ್ವ ಕಾಣುತ್ತದೆ ಎಂದು ನಗುವವರು ಈ ಪುಟ ಮಗುಚಿ ಮುಂದೆ ಹೋಗಬಹುದು. ನನಗೇನೂ ಬೇಸರವಿಲ್ಲ.

ನನ್ನ ಹೆಸರು ಮಂಜು. ಹಾಲಾಡಿ ಹೊಳೆ ಕುಂದಾಪುರದ ಹತ್ತಿರ ಬಂದು ಅಗಲವಾಗುತ್ತದಲ್ಲ, ಅಲ್ಲಿ ನಮ್ಮ ಮನೆ. ಸೇತುವೆ ಇಲ್ಲದ ಕಾಲದಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದವರು ನಮ್ಮವರು. ಈಗ ನಾನು ಮೀನು ಹಿಡಿಯುತ್ತೇನೆ, ಪ್ರವಾಸಿಗರು ಬಂದರೆ ದೋಣಿಯಲ್ಲಿ ಸುತ್ತಾಡಿಸುತ್ತೇನೆ. ಊರಿನವರ ಬಾಯಲ್ಲಿ ಮಾತ್ರ ನಾವು ಇನ್ನೂ ದೋಣಿಮನೆಯವರೇ.

ರಾಜೀವಣ್ಣ ಆಚೆ ದಡದ ಧಣಿಗಳ ಮನೆತನದವರು. ಧಣಿತನ ಎಂದೋ ಹೋಯಿತು. ಹೊಳೆಯ ನಡುವೆ ಒಂದು ಸಣ್ಣ ಕುದ್ರು, ಅಂದರೆ ಸುತ್ತ ನೀರಿರುವ ಒಂದು ತುಂಡು ತೆಂಗಿನ ತೋಟ, ಅಷ್ಟೇ ಅವರ ಹೆಸರಲ್ಲಿ ಉಳಿದಿದೆ. ಅಲ್ಲಿ ಹೋಂಸ್ಟೇ ಮಾಡಬೇಕು, ಬಂದವರನ್ನು ಬೆಂಕಿಯ ಸುತ್ತ ಕೂರಿಸಿ ಕಥೆ ಹೇಳಬೇಕು ಎನ್ನುವುದು ಅವರ ಆಸೆಯಾಗಿತ್ತು. ಕಥೆ ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಅದನ್ನು ಒಪ್ಪಲೇಬೇಕು. ಒಂದು ಪೆಗ್ ಒಳಗಿಳಿದರೆ ಸಾಕು, ಪೋರ್ಚುಗೀಸರ ಹಡಗು, ಹೂತಿಟ್ಟ ಚಿನ್ನ, ತಲೆ ಕಳೆದುಕೊಂಡ ಪಾಳೆಯಗಾರ, ಎಲ್ಲರೂ ಎದ್ದು ಬರುತ್ತಿದ್ದರು. ಎರಡನೆಯ ಪೆಗ್ಗಿಗೆ ತಪ್ಪದೆ ಬರುತ್ತಿದ್ದವನು ಬಚ್ಚ.

ಆ ಕಥೆ ನನಗೆ ಆಗುತ್ತಿರಲಿಲ್ಲ. ಬಚ್ಚ ನಮ್ಮ ದೋಣಿಮನೆಯವನು. ಅವನ ಹೆಸರು ಬಂದರೆ ನನ್ನ ಅಜ್ಜಿ ಮಾತು ನಿಲ್ಲಿಸಿ ಒಳಗೆ ಎದ್ದು ಹೋಗುತ್ತಿದ್ದಳು. ರಾಜೀವಣ್ಣನಿಗೆ ಮಾತ್ರ ಅದು ನಗಿಸುವ ಕಥೆ.

ಆ ಸಂಜೆ ಕುದ್ರುವಿನಲ್ಲಿ ನಾವು ಮೂವರೇ. ರಾಜೀವಣ್ಣ, ಅವರ ಹೆಂಡತಿಯ ತಮ್ಮ, ಮುಂಬೈಯಲ್ಲಿ ಕ್ಯಾಂಟೀನ್ ನಡೆಸುವ ಉದಯ, ಮತ್ತು ನಾನು. ನಾನು ಕಲ್ಲಿನ ಒಲೆ ಹೂಡಿ ಕಾಣೆ ಮೀನು ಹುರಿಯುತ್ತಿದ್ದೆ. ಸೂರ್ಯ ಆಗಷ್ಟೇ ಮುಳುಗಿದ್ದ. ಇಳಿತದ ಹೊತ್ತು... ಹೊಳೆ ಹಿಂದೆ ಸರಿದು ದಡದ ಕೆಸರು ತೆರೆದುಕೊಂಡಿತ್ತು. ಕೆಸರಿನ ನಡುವೆ, ಹಳೆಯ ಕಾಲದಲ್ಲಿ ದೋಣಿ ಕಟ್ಟುತ್ತಿದ್ದ ಮರದ ಗೂಟ ಕಪ್ಪಗೆ ನಿಂತಿತ್ತು.

"ಹ್ವಾಯ್ ಉದಯ, ನೀ ಬಚ್ಚನ್ ಕಥಿ ಕೇಣ್ಲಿಲ್ಯಾ?" ಎಂದರು ರಾಜೀವಣ್ಣ.

"ಇಲ್ಲ ಭಾವ. ಹೇಳಿ, ಹೇಳಿ."

"ಬ್ಯಾಡ ರಾಜೀವಣ್ಣ. ಬೇರೆ ಯಾವ್ದಾರೂ ಹೇಳಿ" ಎಂದೆ ನಾನು.

"ಕಾಣ್, ಇವಂಗೆ ಈಗ್ಲೂ ಉರಿತ್ತ್" ಎಂದು ನಕ್ಕು ಅವರು ಶುರು ಮಾಡಿಯೇಬಿಟ್ಟರು.

ಕಥೆ ಇಷ್ಟು. ಆಗಿನ ಧಣಿ ರಾಜೀವಣ್ಣನ ಪಿಜ್ಜ, ಅಂದರೆ ಮುತ್ತಜ್ಜ; ಅವನ ಮನೆಯಲ್ಲಿ ಒಬ್ಬಳು ಎಳೆಯ ಸೊಸೆ. ಹೊಡೆತ ತಾಳಲಾರದೆ ಅವಳು ಒಂದು ರಾತ್ರಿ ದಡಕ್ಕೆ ಓಡಿ ಬಂದು, ತವರಿಗೆ ಹೋಗಬೇಕು, ದಾಟಿಸು ಎಂದು ಬೇಡಿಕೊಂಡಳು. ದೋಣಿಯ ಬಚ್ಚ ದಾಟಿಸಿದ. ಮರುದಿನ ಧಣಿ ಅವನನ್ನು ಹಿಡಿಸಿ, ಇಳಿತದ ಹೊತ್ತಿನಲ್ಲಿ ಇದೇ ಗೂಟಕ್ಕೆ ನಾರಿನ ಹಗ್ಗದಲ್ಲಿ ಕಟ್ಟಿಸಿದ. ಮತ್ತೆ ಯಾರೂ ಅವನನ್ನು ಮುಟ್ಟಬೇಕಾಗಿರಲಿಲ್ಲ. ಉಬ್ಬರ ಬಂತು. ನೀರು ಸೊಂಟಕ್ಕೆ, ಎದೆಗೆ, ಗಲ್ಲಕ್ಕೆ ಏರಿತು. ಧಣಿ ದಡದಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ನೋಡುತ್ತಿದ್ದ. ಬಚ್ಚ ಅಳಲಿಲ್ಲ, ಕಾಲು ಹಿಡಿಯುತ್ತೇನೆ ಎನ್ನಲಿಲ್ಲ. ನೀರು ಬಾಯಿಗೆ ಬರುವ ಮೊದಲು ಧಣಿಯನ್ನೇ ನೋಡಿ ಒಂದು ಮಾತು ಹೇಳಿದ.

"ಬತ್ತೆ."

ನಮ್ಮ ಕಡೆ ಯಾರ ಮನೆಯಿಂದ ಹೊರಟರೂ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬತ್ತೆ’, ಅಂದರೆ ಬರುತ್ತೇನೆ, ಎನ್ನುತ್ತೇವೆ. ಮನೆಯವರು ‘ಹೋಯ್ ಬಾ’ ಎನ್ನುತ್ತಾರೆ. ಧಣಿಯೂ ಹಾಗೇ, ಕೂತಲ್ಲಿಂದಲೇ, "ಆಯ್ತ್, ಹೋಯ್ ಬಾ" ಅಂದನಂತೆ. ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

"ಮರ್ಯಾದಿ ಕಾಣ್ ಅವಂದ್. ಸಾಯುವತ್ತಿಗೂ ಹೇಳಿಯೇ ಹೋದ" ಎಂದು ರಾಜೀವಣ್ಣ ತೊಡೆ ತಟ್ಟಿಕೊಂಡರು. ಉದಯನೂ ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಅಲ್ಲ, ನಾಲ್ಕು ತಲೆಮಾರು ಈ ಮಾತಿಗೆ ನಕ್ಕಿದ್ದಾರಲ್ಲ, ಒಬ್ಬನಿಗಾದರೂ ಅದರ ಇನ್ನೊಂದು ಅರ್ಥ ಹೊಳೆಯಬೇಡವೇ?

"ಅಂವ ಹೋಗಿ ಬತ್ತೆ ಅಂತ ಮರ್ಯಾದಿ ಮಾಡಿದ್ದಲ್ಲ ರಾಜೀವಣ್ಣ. ಬತ್ತೆ ಅಂದ್ರೆ ಬತ್ತೆ. ವಾಪಸ್ ಬತ್ತೆ ಅಂದದ್ದ್ ಅಂವ. ನಿಮ್ಮ ಪಿಜ್ಜ ಬಾ ಅಂದ್ರ್" ಎಂದೆ.

ಬಾಣಲೆಯಲ್ಲಿ ಎಣ್ಣೆ ಚಟಪಟ ಅನ್ನುತ್ತಿತ್ತು. ರಾಜೀವಣ್ಣ ಮೊದಲಿಗಿಂತ ಜೋರಾಗಿ ನಕ್ಕರು.

"ಹೌದನಾ? ಹಂಗಾರೆ ಕರೆಸಿಯೇ ಬಿಡ್ವ" ಎಂದು ಗ್ಲಾಸ್ ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದರು. ಬೇಡ ಬೇಡ ಎಂದು ನಾನು ಹೇಳುತ್ತಿದ್ದಂತೆಯೇ ಹೋಗಿ ಗೂಟಕ್ಕೆ ಬೆನ್ನು ಕೊಟ್ಟು ನಿಂತರು. ಎರಡೂ ಕೈ ಹಿಂದೆ ಕಟ್ಟಿಕೊಂಡರು.

"ಉದಯ, ನೀ ಧಣಿ. ನಾ ಬತ್ತೆ ಅಂದ್ರೆ, ನೀ ಹೋಯ್ ಬಾ ಅನ್ಕ್. ಗೊತ್ತಾಯ್ತಾ?"

ಗಲ್ಲ ಮೇಲೆತ್ತಿ, ಅಳುಬುರುಕ ದನಿಯಲ್ಲಿ ಅವರು "ಬತ್ತೇ..." ಎಂದು ರಾಗ ಎಳೆದರು.

"ಆಯ್ತ್, ಹೋಯ್ ಬಾ" ಎಂದ ಉದಯ, ನಗುತ್ತಾ.

ಆಗ ಮೊದಲು ಬಂದದ್ದು ವಾಸನೆ. ಹುರಿದ ಮೀನಿನ ವಾಸನೆ ಪೂರ್ತಿ ಸತ್ತುಹೋಗಿ, ನೀರಲ್ಲಿ ಕೊಳೆತ ತೆಂಗಿನ ನಾರಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ನಮ್ಮ ಹೊಳೆಯಲ್ಲಿ ಈಗ ಯಾರೂ ನಾರು ಕೊಳೆ ಹಾಕುವುದಿಲ್ಲ. ಆಮೇಲೆ ಸದ್ದು... ಬಿದಿರಿನ ಗಳ ನೀರಿಗೆ ಊರಿ ಎಳೆಯುವ ಸದ್ದು. ಊರುವುದು, ಎಳೆಯುವುದು, ಹನಿ ಬೀಳುವುದು. ಕತ್ತಲಲ್ಲಿ ಯಾವುದೋ ದೋಣಿ ಅವಸರವಿಲ್ಲದೆ ನಮ್ಮ ಕಡೆಗೇ ಬರುತ್ತಿತ್ತು. ಟಾರ್ಚ್ ಹಾಕಿದೆ. ಹೊಳೆ ಖಾಲಿ.

ಸದ್ದು ಗೂಟದ ಹತ್ತಿರ ಬಂದು ನಿಂತಿತು.

"ಬಂದೆ."

ಅಷ್ಟೇ ಮಾತು. ಗಟ್ಟಿ ದನಿಯಲ್ಲ. ಹೊಲದಿಂದ ಬಂದವನು ಹೊಸಿಲಲ್ಲಿ ನಿಂತು ಹೆಂಡತಿಗೆ ಹೇಳುವ ಹಾಗೆ ಸಾದಾ ದನಿ. ನಾನು ಕೇಳಿದೆ, ಉದಯನೂ ಕೇಳಿದ. ಅವನ ನಗು ಬಾಯಲ್ಲೇ ಉಳಿಯಿತು.

"ಮಂಜು... ಕೈ ಬತ್ತಿಲ್ಲೆ ಮಾರಾಯ" ಎಂದರು ರಾಜೀವಣ್ಣ.

"ತಮಾಷೆ ಸಾಕ್, ಬನಿ ಮೇಲೆ."

"ತಮಾಷೆ ಅಲ್ಲ. ಬತ್ತಿಲ್ಲೆ."

ನನ್ನ ಕಾಲಿಗೆ ತಣ್ಣಗೆ ಏನೋ ತಾಗಿತು. ನೀರು. ಇಳಿತದ ಹೊತ್ತಿನಲ್ಲಿ ನೀರು ಏರುತ್ತಿತ್ತು... ಹುಟ್ಟಿದಾಗಿನಿಂದ ಈ ಹೊಳೆ ನೋಡಿದ್ದೇನೆ, ಹೀಗೆ ಯಾವತ್ತೂ ಆದದ್ದಿಲ್ಲ. ಒಲೆ ಚುಂಯ್ ಎಂದು ಆರಿತು. ಮೀನು ಕೊಯ್ಯುವ ಚೂರಿ ಕೈಯಲ್ಲೇ ಇತ್ತು, ಹಾಗೇ ಇಳಿದೆ. ಅವರನ್ನು ಮುಟ್ಟುವ ಹೊತ್ತಿಗೆ ನೀರು ನನ್ನ ಸೊಂಟ ದಾಟಿತ್ತು.

ಟಾರ್ಚಿನ ಬೆಳಕಲ್ಲಿ ಅವರ ಮಣಿಕಟ್ಟು ನೋಡಿದೆ. ಹಗ್ಗ ಇರಲಿಲ್ಲ. ಆದರೆ ಚರ್ಮ ಸುತ್ತಲೂ ಒತ್ತಿ ಒಳಗೆ ಹೋಗಿತ್ತು. ಕೈ ಹಾಕಿದೆ... ಕಾಣದಿದ್ದದ್ದು ಕೈಗೆ ಸಿಕ್ಕಿತು. ಒದ್ದೆ ನಾರಿನ ಹಗ್ಗ, ಮೂರು ಸುತ್ತು, ದೋಣಿಯವರು ಹಾಕುವ ಗಂಟು. ನನಗೆ ಅಪ್ಪ ಕಲಿಸಿದ್ದ ಗಂಟು ಅದು. ಚೂರಿ ಹಚ್ಚಿ ಕೊಯ್ದೆ. ನಾರು ಒಂದೊಂದೇ ಎಳೆ ಹರಿಯುವುದು ಕೈಗೆ ತಿಳಿಯುತ್ತಿತ್ತು. ಎಷ್ಟು ಕೊಯ್ದರೂ ಹಗ್ಗ ಇದ್ದಷ್ಟೇ ಇತ್ತು.

"ಬಚ್ಚಣ್ಣ, ನಾ ದೋಣಿಮನಿ ಮಂಜು. ಅವರನ್ನ ಬಿಡ್" ಎಂದೆ.

ಉತ್ತರ ನನ್ನ ಕಿವಿಯ ಪಕ್ಕದಲ್ಲೇ ಬಂತು, ಮೆಲ್ಲಗೆ, ಮಕ್ಕಳ ಹತ್ತಿರ ಮಾತಾಡುವಂತೆ.

"ನೀ ಆಚಿಗ್ ನಿಲ್ ಮಗ."

ನಾನು ಆಚೆ ನಿಂತೆ. ಯಾಕೆ ನಿಂತೆ ಎಂದು ಉದಯ ಆಮೇಲೆ ಬೈದ, ಇವತ್ತಿಗೂ ಬೈಯುತ್ತಾನೆ. ಬೈಯಲಿ. ಮನೆಯ ಹಿರಿಯ ಆಚೆ ನಿಲ್ಲು ಅಂದಾಗ ಕಾಲು ತಾನಾಗಿಯೇ ಹಿಂದೆ ಹೋಯಿತು. ಇನ್ನೂ ಒಂದು ಮಾತು ಇದೆ, ಅದನ್ನೂ ಮುಚ್ಚಿಡುವುದಿಲ್ಲ. ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದದ್ದು ನೆನಪಾಗಿ, ಆ ಗಳಿಗೆ ನನಗೆ ಒಳಗೊಳಗೇ ಸಮಾಧಾನವಾಯಿತು.

ನೀರು ರಾಜೀವಣ್ಣನ ಎದೆಗೆ ಬಂತು, ಕುತ್ತಿಗೆಗೆ ಬಂತು. ಅಷ್ಟು ಮಾತಿನ ಮನುಷ್ಯ ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದರೆ ನೀರು ಹೋಗುತ್ತದಲ್ಲ. ಗಲ್ಲ ಎತ್ತಿ, ಮೂಗು ಆಕಾಶಕ್ಕೆ ಮಾಡಿ, ಸುಯ್ ಸುಯ್ ಎಂದು ಉಸಿರು ಎಳೆಯುತ್ತಿದ್ದರು. ದಡದಲ್ಲಿ ಉದಯ "ಭಾವ, ಭಾವ" ಎಂದು ಅಳುತ್ತಿದ್ದ. ನೀರು ಕೆಳತುಟಿಗೆ ಮುಟ್ಟಿತು. ಮುಟ್ಟಿ ಅಲ್ಲೇ ನಿಂತಿತು. ಏರಲೂ ಇಲ್ಲ, ಇಳಿಯಲೂ ಇಲ್ಲ. ಎಷ್ಟು ಹೊತ್ತು ಹಾಗಿತ್ತೋ ನನಗೆ ಗೊತ್ತಿಲ್ಲ.

ಆಮೇಲೆ, ಬಚ್ಚಲಿನ ನೀರು ತೂಬಿಗೆ ಹೋದ ಹಾಗೆ, ಎಲ್ಲ ಒಮ್ಮೆಲೇ ಹಿಂದೆ ಹೋಯಿತು. ರಾಜೀವಣ್ಣ ಕೆಸರಿಗೆ ಮುಗ್ಗರಿಸಿ ಬಿದ್ದರು. ಕೈ ಬಿಟ್ಟಿತ್ತು. ಅವರನ್ನು ದೋಣಿಗೆ ಎಳೆದು ಹಾಕಿ ಮೋಟಾರ್ ಚಾಲೂ ಮಾಡಿದೆ, ದಡ ಮುಟ್ಟುವವರೆಗೆ ಮೂವರಲ್ಲಿ ಯಾರೂ ಹಿಂದೆ ತಿರುಗಲಿಲ್ಲ. ಬಚ್ಚ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟ ಎಂದುಕೊಂಡೆ. ಸ್ವಲ್ಪ ಹೆಮ್ಮೆಯೂ ಆಯಿತು, ನಮ್ಮವನಲ್ಲವೇ ಎಂದು.

ಆದರೆ ಅವನು ಬಿಟ್ಟಿರಲಿಲ್ಲ.

ಕೆಲವು ದಿನ ಕಳೆದು ರಾಜೀವಣ್ಣನ ಹೆಂಡತಿ ಸುಮತಿಯಕ್ಕ ಫೋನ್ ಮಾಡಿದಳು. ಅವರ ಮನೆ ಇರುವುದು ಕುಂಭಾಶಿಯಲ್ಲಿ, ಹೆದ್ದಾರಿಯ ಪಕ್ಕ. ಅಲ್ಲಿಂದ ಹೊಳೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.

"ಮಂಜು, ಇವ್ರ್ ಎಂತಕ್ಕೋ ಒಂದ್ ನಮೂನಿ ಮಾಡ್ತ್ರ್. ಕೂತಲ್ಲೇ ಗಲ್ಲ ಎತ್ತಿ ಮೇಲ್ ಕಾಣ್ತ್ರ್. ಮಾತಾಡ್ಸಿದ್ರೆ ಬಾಯ್ ಬಿಡುದಿಲ್ಲ. ಮೂಗಲ್ಲೇ ಉಸ್ರ್. ಸುಮಾರ್ ಹೊತ್ತ್ ಆದ್ಮೇಲೆ ಸಮ ಆತ್ರ್. ಡಾಕ್ಟ್ರು ಎಂತದೂ ಇಲ್ಲ ಅಂದ್ರ್."

"ಯಾವಾಗ ಅಕ್ಕ?"

"ದಿನಕ್ಕೆ ಎರಡ್ ಸಲ. ಆದ್ರೆ ಒಂದೇ ಹೊತ್ತಲ್ಲ ಮಾರಾಯ. ದಿನಾ ಚೂರ್ ಚೂರ್ ತಡ ಆತಾ ಹೋತ್ತ್."

ದಿನಕ್ಕೆ ಎರಡು ಸಲ, ದಿನಾ ಚೂರು ಚೂರು ತಡವಾಗಿ ಬರುವುದು ಯಾವುದು ಎಂದು ಹೊಳೆ ಬದಿಯಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಬ್ಬರ. ಅವಳಿಗೆ ಬರುತ್ತೇನೆ ಎಂದಷ್ಟೇ ಹೇಳಿದೆ.

ಅಮಾವಾಸ್ಯೆಯ ದಿನ ಹೋದೆ. ಉಬ್ಬರ ಜೋರಿರುವ ದಿನ. ರಾಜೀವಣ್ಣ ಮನೆಯ ಹಾಲ್ ನಡುವೆ, ಒಣ ನೆಲದ ಮೇಲೆ, ತುದಿಗಾಲಲ್ಲಿ ನಿಂತಿದ್ದರು. ಕೈ ಎರಡೂ ಬೆನ್ನ ಹಿಂದೆ. ಗಲ್ಲ ಮೇಲೆ. ಕಣ್ಣು ಮಾತ್ರ ಕೆಳಗೆ ಹೊರಳಿಸಿ ನನ್ನನ್ನು ನೋಡಿದರು. ಕೆಳತುಟಿ ಒದ್ದೆಯಾಗಿತ್ತು. ನಾನು ಅಯ್ಯೋ ಅನ್ನಬೇಕಿತ್ತು, ಬರಲಿಲ್ಲ. ಅದೇ ನನಗೆ ಈಗಲೂ ಹೆದರಿಕೆ.

ಹುಣ್ಣಿಮೆಗೆ, ಉಬ್ಬರ ಮತ್ತೆ ಜೋರಾದ ದಿನ, ಹೋದಾಗ ತುದಿಗಾಲು ಸಾಲದೆ ಸ್ಟೂಲಿನ ಮೇಲೆ ನಿಂತಿದ್ದರು. ಸುಮತಿಯಕ್ಕ ಅವರ ಕಾಲು ಹಿಡಿದುಕೊಂಡು ನೆಲದಲ್ಲಿ ಕೂತಿದ್ದಳು, ಬೀಳಬಾರದಲ್ಲ ಎಂದು. ಅಳು ನಿಂತು ಬಹಳ ದಿನವಾಗಿತ್ತು ಅವಳಿಗೆ.

"ಆಚಾರಿಗೆ ಹೇಳಿದ್ದೆ" ಎಂದಳು. "ಇದ್ಕಿಂತ ಎತ್ತರದ್ ಒಂದ್ ಮೇಜ್ ಮಾಡಿ ಕೊಡ್ತಾ ಅಂವ."

ಮಳೆಗಾಲ ಬರುತ್ತಿದೆ, ಹೊಳೆ ಇನ್ನೂ ಏರುತ್ತದೆ. ನಾನು ತಲೆ ಎತ್ತಿ, ರಾಜೀವಣ್ಣನ ತಲೆಗೂ ಮೇಲಿನ ಸ್ಲ್ಯಾಬಿಗೂ ಎಷ್ಟು ಜಾಗ ಉಳಿದಿದೆ ಎಂದು ನೋಡಿದೆ. ನಾನು ನೋಡಿದ್ದು ಕಂಡು ಅವಳೂ ನೋಡಿದಳು.