ಹಿಂದಿನ ಎಡಗಡೆ ಗಾಜು

ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವ ನಮ್ಮ ಅಂಗಡಿಗೆ ಈ ಮೇಷ್ಟ್ರು ಬಂದರೆಂದರೆ ಅರ್ಧ ದಿನ ಹೋದಂತೆಯೇ. ಸ್ಯಾಂಪಲ್ ತುಂಡುಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿಯುತ್ತಾರೆ. ಮೂಸಿ ನೋಡುವುದೊಂದು ಬಾಕಿ. ಆಮೇಲೆ ಕಾರಿನೊಳಗೆ ಕೂತು ತುಂಡನ್ನು ಗಾಜಿಗೊತ್ತಿ, ಹೊರಗೆ ನಿಂತ ನನ್ನನ್ನು “ನಾನು ಕಾಣ್ತೀನಾ?” ಎಂದು ಕೇಳುತ್ತಾರೆ. “ಬೀದಿಗೊಬ್ಬ ಶಿಷ್ಯ ಇದ್ದಾನೆ, ಕಂಡರೆ ಸಾಕು, ಕಾರು ನಿಲ್ಲಿಸಿ ಮಾತಿಗೆಳೀತಾನೆ” ಎಂಬುದು ಅವರ ದೂರು. ನಾಲ್ಕನೇ ಸಲ ಬಂದವರು ಎಲ್ಲಕ್ಕಿಂತ ಕಪ್ಪನೆಯದನ್ನು ಆರಿಸಿ, ಹಿಂದಿನ ಎಡಗಡೆ ಗಾಜಿಗೆ ಮಾತ್ರ ಬೇಡವೆಂದರು. “ಅಲ್ಲಿ ಬಿಸಿಲು ಹೊಡೆಯುತ್ತಲ್ಲ ಮೇಷ್ಟ್ರೇ,” ಎಂದೆ. “ಹೊಡೀಲಿ ಬಿಡಪ್ಪ. ಅದು ನಮ್ಮಮ್ಮ ಕೂರೋ ಜಾಗ. ಕಂಡೋರ ಮನೆ ಪಾತ್ರೆ ತೊಳೆದು ನನ್ನ ಓದಿಸಿದ್ದಾಳೆ. ಅವಳು ಕಾರಲ್ಲಿ ಹೋಗೋದು ಆ ಮನೆಯವರಿಗೆಲ್ಲ ಕಾಣಬೇಡ್ವಾ?”