ಹದಿನೆಂಟು ಚೌಕಟ್ಟಿಗೆ ಒಂದೇ ನೋಟ

ನಾಗರತ್ನಾ ಪ್ರಿಯಂವದಾಳನ್ನು ಮೊದಲು ಕಂಡದ್ದು ಬೈಲಹೊಂಗಲದ ಪೇಟೆಯಲ್ಲಿದ್ದ ಅವಳ ಅಂಗಡಿಯಲ್ಲಿ, ತೀರಿಕೊಂಡ ಗಂಡ ಶಂಕರೆಪ್ಪನ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದ ದಿನ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಮುಂದೆ, ಕಬ್ಬಿನ ಗಾಡಿಗಳ ಸರದಿಯಲ್ಲಿ ಯಾರೋ ತೆಗೆದಿದ್ದ ಆ ಒಂದೇ ಫೋಟೋದಲ್ಲಿ ಅವನು ಕಣ್ಣು ಮುಚ್ಚಿದ್ದ. ವರ್ಷದ ಪೂಜೆಗೆ ಎಂಟು ದಿನ ಉಳಿದಿದ್ದವು. ಅಂದು ಗಂಡ ತನ್ನನ್ನು ನೋಡಬೇಕು, ಅಷ್ಟೇ ಅವಳ ಆಸೆ.

ಪುರೋಹಿತರ ಮನೆಯ ಮಗಳಾದ ಪ್ರಿಯಂವದಾ ತೀರಿಕೊಂಡವರ ಫೋಟೋಗಳಲ್ಲಿ ಹೀಗೆ ಮುಚ್ಚಿದ ಕಣ್ಣುಗಳನ್ನು ತೆರೆದಂತೆ ಬರೆದು, ಆ ಚಿತ್ರಗಳನ್ನು ಒಂದು ವೆಬ್ ಪುಟದಲ್ಲಿ ಇಡುತ್ತಿದ್ದಳು. ಪುಟದಲ್ಲಿ ಒಂದೊಂದು ಚೌಕಟ್ಟೂ ಚಿತ್ರ ಬರೆಯುವ ಬೇರೆ ಕ್ಯಾನ್ವಾಸು. ಪ್ರತಿಯೊಂದಕ್ಕೂ ಬೇರೆ ಹಾರ, ಬೇರೆ ದೀಪ, ಬೇರೆ ಕಣ್ಣು ತುಂಬಿದರೆ ಪುಟ ಭಾರವಾಗಿ ಹಳ್ಳಿಯ ಹಳೆಯ ಮೊಬೈಲುಗಳು ನಿಂತುಬಿಡುತ್ತಿದ್ದವು. ಆದ್ದರಿಂದ ಒಂದೇ ಹಾರ, ಒಂದೇ ದೀಪ, ಒಂದೇ ಜೊತೆ ಕಣ್ಣು ಬರೆದು ಒಂದು ಕಡೆ ಇಟ್ಟಿದ್ದಳು. ಶಂಕರೆಪ್ಪನದೂ ಸೇರಿ ಹದಿನೆಂಟು ಚೌಕಟ್ಟುಗಳೂ ಅವನ್ನು ಅಲ್ಲಿಂದಲೇ ಪಡೆಯುತ್ತಿದ್ದವು. ಪರದೆಯ ಮೇಲೆ ಬೆರಳು ಸರಿದತ್ತ ಕಣ್ಣುಗಳೂ ಸರಿಯುತ್ತಿದ್ದವು.

“ಎಡಗಣ್ಣಾಗ ಎಳ್ಳಿನಷ್ಟ ಮಚ್ಚಿ ಇತ್ರಿ, ಬಾಯಾರ. ಅದಿಲ್ದ ಇವ್ರು ನಮ್ಮನಿಯವ್ರಲ್ಲ,” ಎಂದಳು ನಾಗರತ್ನಾ.

“ಇಡತೇನಿ ತಡೀರಿ, ಅಕ್ಕಾರ. ಅಷ್ಟ ಸನೇದಿಂದ ಯಾವಾಗ ನೋಡಿದ್ರಿ, ಜಗಳಾಡೂ ಮುಂದನ?”

“ಮತ್ತ್ಯಾವಾಗ್ರಿ? ಮಿಕ್ಕ ಹೊತ್ತೆಲ್ಲಾ ಗಾಡಿ ಮ್ಯಾಲ ಇರ್ತಿದ್ರು!”

ಪ್ರಿಯಂವದಾ ಅವಸರದಲ್ಲಿ ಮಚ್ಚೆಯನ್ನು ಎಲ್ಲರಿಗೂ ಸೇರಿದ ಆ ಕಣ್ಣಿಗೇ ಇಟ್ಟಳು.

ಮರುದಿನ ನಾಗರತ್ನಾ ಅಂಗಡಿಗೆ ಬಂದಾಗ ಅಜ್ಜನ ಫೋಟೋ ಪುಟದಲ್ಲಿ ಇಡಿಸಿದ್ದ ದೇಗಾಂವದ ಮನೆಯೊಂದರಿಂದ ಫೋನು ಬಂದಿತ್ತು. “ನಮ್ಮ ಮುತ್ಯಾನ ಕಣ್ಣಾಗ ಏನ ಬಿದ್ದೈತ್ರಿ? ಯಾರೋ ಬ್ಯಾರೇದವ್ರು ನೋಡಿಧಂಗ ಆಗತೈತಿ!”

ಪ್ರಿಯಂವದಾ ಪುಟ ತೆರೆದಳು. ಮುದುಕರು, ಬಾಣಂತಿ, ಒಂದು ಹಸುಗೂಸು. ಹದಿನೆಂಟು ಮುಖಗಳ ಎಡಗಣ್ಣಿನಲ್ಲೂ ಶಂಕರೆಪ್ಪನ ಮಚ್ಚೆ. ಅವಳ ಬೆರಳು ಪರದೆಯ ಮೇಲೆ ನಾಗರತ್ನಾ ನಿಂತಿದ್ದ ಬದಿಗೆ ಸರಿಯಿತು. ಹದಿನೆಂಟು ಜೊತೆ ಕಣ್ಣುಗಳು ಒಟ್ಟಿಗೆ ನಾಗರತ್ನಾಳತ್ತ ಹೊರಳಿದವು.

“ಮತ್ತ ಈ ಕಣ್ಣು... ಮೊದಲ ಯಾರವ್ರಿ?” ಎಂದಳು ನಾಗರತ್ನಾ.

ಪ್ರಿಯಂವದಾ ಪರದೆಯಿಂದ ಬೆರಳು ತೆಗೆದಳು. “ನಮ್ಮಮ್ಮನವು. ಎರಡ ವರ್ಷಾತು ಹೋಗಿ. ಎಲ್ಲಾರ ಮನ್ಯಾಗೂ ಆಕೀನ ನೋಡ್ಲಿಕ್ಕೆ ಹತ್ಯಾಳ, ಅಕ್ಕಾರ.”

ನಾಗರತ್ನಾ ಫೋಟೋವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡಳು. “ನನ್ನ ಗಂಡ ಕಣ್ಣ ಮುಚ್ಚಿಕೊಂಡ ಇರ್ಲಿ ತಂಗಿ. ಇನ್ನೊಬ್ಬರ ನೋಟ ನನಗ ಬ್ಯಾಡ.”

ಪೂಜೆಗೆ ಫೋಟೋ ಇದ್ದಂತೆಯೇ ಕುಳಿತಿತು.

ಈಗ ಪ್ರಿಯಂವದಾ ಉಳಿದ ಹದಿನೇಳು ಮನೆಗಳಿಂದ ಕಣ್ಣು ತೆರೆದಿರುವ ಹಳೆಯ ಫೋಟೋಗಳನ್ನು ತರಿಸಿ, ಅವರವರ ಕಣ್ಣುಗಳನ್ನು ಅವರವರ ಚೌಕಟ್ಟಿಗೇ ಬರೆಯುತ್ತಿದ್ದಾಳೆ. ಹನ್ನೆರಡು ಮುಗಿದಿವೆ. ಪುಟ ಭಾರವಾಗಿದೆ, ಮುಖಗಳು ಒಂದೊಂದಾಗಿ, ನಿಧಾನವಾಗಿ ಕಣ್ಣು ಬಿಡುತ್ತವೆ. ದಿನವೂ ಅಂಗಡಿ ತೆರೆದ ಕೂಡಲೇ ಅವಳು ಅದನ್ನು ಕಾಯುತ್ತ ಕೂರುತ್ತಾಳೆ. ಪುಟದಲ್ಲಿ ಹಾಗೆಯೇ ಉಳಿದ ಶಂಕರೆಪ್ಪನ ರೆಪ್ಪೆಗಳು ಮುಚ್ಚಿಯೇ ಇವೆ ಎಂದು ಖಾತ್ರಿಯಾದ ಮೇಲೆಯೇ ಕುಂಚ ಹಿಡಿಯುತ್ತಾಳೆ.