ಬಿಂಡಿಗನವಿಲೆ ಟೆಂಟಿನ ಘಾನಾ ಪ್ಲೇಟು

ಮೊದಲ ಬಸ್ಸಿಗೇ ಬರುತ್ತೇನೆಂದಿದ್ದ ಕೋಫಿ ಎರಡನೆಯದಕ್ಕೂ ಬರಲಿಲ್ಲ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಟೇಪ್ ರೆಕಾರ್ಡರ್ ಇದ್ದ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನಗೆ ಅವನು ಬರದಿದ್ದರೇ ಒಳ್ಳೆಯದು ಅನ್ನಿಸತೊಡಗಿತ್ತು. ಅಷ್ಟರಲ್ಲಿ ಮೈಸೂರಿನ ಕಡೆಯಿಂದ ಬಂದ ಮೂರನೇ ಬಸ್ಸಿನಿಂದ ಇಳಿದ. ಕೈಯಲ್ಲಿ ದೊಡ್ಡದೊಂದು ಕ್ಯಾನ್ವಾಸ್ ಚೀಲ, ಪೂರ್ತಿ ಖಾಲಿ. ಒಂದೇ ಒಂದು ಹಾಡಿನ ಪ್ಲೇಟು ಹುಡುಕಲು ಹೊರಟವನಿಗೆ ಇಷ್ಟು ದೊಡ್ಡ ಚೀಲ ಯಾಕೆ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಪಾಂಡವಪುರದ ಬಸ್ಸು ಹೊರಡುತ್ತಿತ್ತು, ಓಡಿ ಹತ್ತಿದೆವು.

ಇದು ತೊಂಬತ್ತರ ದಶಕದ ನಡುವಿನ ಒಂದು ಫೆಬ್ರವರಿಯ ಮಾತು. ನಾನು ಪಟ್ಟಣದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನಮ್ಮಪ್ಪ ಪಾಂಡವಪುರದ ಕಡೆಯವರು, ಸಕ್ಕರೆ ಕಾರ್ಖಾನೆಯ ಕೆಮಿಸ್ಟ್. ಅರವತ್ತರ ದಶಕದ ಕೊನೆಯಲ್ಲಿ ಪಶ್ಚಿಮ ಆಫ್ರಿಕಾದ ಘಾನಾಕ್ಕೆ ಅದೇ ಕೆಲಸದ ಮೇಲೆ ನಮ್ಮನ್ನೂ ಕರೆದುಕೊಂಡು ಹೋದರು. ಆರನೇ ವಯಸ್ಸಿನಿಂದ ಹನ್ನೆರಡರವರೆಗೆ ನಾನು ಅಲ್ಲೇ ಬೆಳೆದೆ. ಶನಿವಾರ ಸಂಜೆ ಕಾರ್ಖಾನೆಯ ಕ್ಲಬ್ಬಿಗೆ ಒಂದು ಬ್ಯಾಂಡು ಬರುತ್ತಿತ್ತು. ಅಮೆರಿಕದ ಸೋಲ್, ಫಂಕ್, ಜಾಜ್ ಎಲ್ಲವನ್ನೂ ತಮ್ಮೂರಿನ ಕುಣಿತಕ್ಕೆ ಬೆರೆಸಿ ಬಾರಿಸುತ್ತಿದ್ದರು. ಊರಿಗೆ ವಾಪಸು ಬರುವಾಗ ಅಪ್ಪ ಒಂದು ತಗಡಿನ ಪೆಟ್ಟಿಗೆ ತುಂಬ ಅಲ್ಲಿನ ಪ್ಲೇಟುಗಳನ್ನು ತಂದರು. ಅವರು ತೀರಿಕೊಂಡ ಮೇಲೆ ಆ ಪೆಟ್ಟಿಗೆ ಕ್ಯಾತನಹಳ್ಳಿಯ ಚಿಕ್ಕಪ್ಪನ ಮನೆಯಲ್ಲಿ ಉಳಿಯಿತು, ನಾನು ಮರೆತೂ ಬಿಟ್ಟೆ.

ನೆನಪು ಮಾಡಿದವನು ಕೋಫಿ. ಮೈಸೂರಿನಲ್ಲಿ ಫಾರ್ಮಸಿ ಓದುತ್ತಿದ್ದ ಘಾನಾದ ಹುಡುಗ. ಗೆಳೆಯರೊಂದಿಗೆ ಕೋಟೆ ನೋಡಲು ಬಂದಿದ್ದಾಗ ಅವರ ಮಾತು ಕಿವಿಗೆ ಬಿತ್ತು, ತಡೆಯಲಾಗದೆ ಅವರ ಭಾಷೆಯಲ್ಲಿ ನನಗೆ ಉಳಿದಿದ್ದ ನಾಲ್ಕು ಪದಗಳಲ್ಲಿ ಮಾತಾಡಿಸಿದೆ. ಕಾರ್ಖಾನೆ, ಕ್ಲಬ್ಬು, ಪೆಟ್ಟಿಗೆಯ ವಿಷಯ ಹೇಳುತ್ತಿದ್ದಂತೆ ಅವನು ನಿಂತಲ್ಲೇ ನಿಂತ. ಆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದವರು ತನ್ನ ತಂದೆ, ಅವರ ಜೀವಮಾನದಲ್ಲಿ ಹೊರಬಂದದ್ದು ಒಂದೇ ಪ್ಲೇಟು, ಕೆಂಪು ಲೇಬಲ್ಲಿನದು, ಮನೆಗೆ ನೀರು ನುಗ್ಗಿ ಇದ್ದ ಪ್ರತಿ ಹಾಳಾಯಿತು, ಅದನ್ನು ಅವರಿಗೆ ಮತ್ತೊಮ್ಮೆ ಕೇಳಿಸಬೇಕು ಎಂದ ಇಂಗ್ಲಿಷಿನಲ್ಲಿ. ನನಗೂ ಕಣ್ಣು ಒದ್ದೆಯಾಯಿತು. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ, "ನೀವು ಹೇಳೋ ತನಕ ಅವನಿಗೆ ಅಪ್ಪನ ಪ್ಲೇಟಿನ ನೆನಪೇ ಇರಲಿಲ್ವಾ?" ಅಂದಳು. ಅದಾದ ಮೇಲೆ ಒಂದು ದಿನ ಮೈಸೂರಿನಲ್ಲಿ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅವನನ್ನು ಕಂಡೆ. ಹಳೇ ಪ್ಲೇಟುಗಳನ್ನು ವಿದೇಶದವರಿಗೆ ಮಾರುವ ಅಂಗಡಿ ಅದು. ಮಾಲೀಕನ ಜೊತೆ ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದ. ಅಂದೇ ತೀರ್ಮಾನಿಸಿದೆ: ಪ್ಲೇಟು ಸಿಕ್ಕರೆ ಕ್ಯಾಸೆಟ್ಟಿಗೆ ಇಳಿಸಿಕೊಡುವುದು, ಪ್ಲೇಟು ಮಾತ್ರ ಕೈಗೆ ಕೊಡಕೂಡದು.

ಪಾಂಡವಪುರಕ್ಕೆ ಟಿಕೆಟ್ಟು ಮೂರು ರೂಪಾಯಿ. ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳಿತು. ಕಂಡಕ್ಟರು ಕೋಫಿಯನ್ನು ಮೇಲಿಂದ ಕೆಳಗೆ ನೋಡಿ, ಟಿಕೆಟ್ಟನ್ನು ನನ್ನ ಕೈಗೇ ಕೊಟ್ಟು, "ಇವ್ರು ನಿಮ್ಮ ಕಡೆಯವ್ರಾ?" ಅಂದ. ಹೌದು ಅನ್ನಲು ನನಗೆ ಒಂದು ಕ್ಷಣ ಹಿಡಿಯಿತು. ಕೋಫಿ ಅದನ್ನು ಗಮನಿಸಿದ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕ್ಯಾತನಹಳ್ಳಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಆಲೆಮನೆಯ ಹೊಗೆಯಲ್ಲಿ ಬೆಲ್ಲದ ವಾಸನೆ.

ಚಿಕ್ಕಪ್ಪ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದವರು ಕೋಫಿಯನ್ನು ಕಂಡು ಮತ್ತೆ ಕೂತರು.

"ಏನ್ಲಾ ಚಂದ್ರ, ಯೋಳ್ದೆ ಕೇಳ್ದೆ ಬಂದ್ಬುಟ್ಟಿದ್ದೀಯ? ಯಾರ್ಲಾ ಅದು ಜತೇಲಿ?"

"ಘಾನಾದವರು ಚಿಕ್ಕಪ್ಪ. ಅಪ್ಪ ಕೆಲಸ ಮಾಡ್ತಿದ್ರಲ್ಲ, ಆ ದೇಶ."

ಚಿಕ್ಕಪ್ಪ ಪಕ್ಕದ ಮನೆಯವರನ್ನು ಕೂಗಿ ಕರೆದು ಹತ್ತಿರ ಕೂರಿಸಿಕೊಂಡರು. ಸಾಕ್ಷಿಗೆ ಎಂದು ನನಗೆ ಆಮೇಲೆ ಹೊಳೆಯಿತು. "ನೋಡ್ಲಾ ಮಗ, ನಿಮ್ಮಪ್ಪ ಅಲ್ಲಿ ಜಮೀನು ಗಿಮೀನು ಮಾಡಿದ್ದ, ಅದ್ರ ಮ್ಯಾಲೆ ಸಾಲ ಐತೆ, ಅದ್ಕೆ ಇಲ್ಲಿ ಭಾಗ ಕೊಡಿ ಅಂತ ಇವ್ನ ಕರ್ಕೊಂಡ್ ಬಂದಿದ್ರೆ ಈಗ್ಲೇ ಯೋಳ್ಬುಡು."

"ಅಂಥದ್ದೇನೂ ಇಲ್ಲ. ಅಪ್ಪನ ಪ್ಲೇಟಿನ ಪೆಟ್ಟಿಗೆ ನೋಡಕ್ಕೆ ಬಂದ್ವಿ."

"ಪ್ಲೇಟಿಗೆ?" ಚಿಕ್ಕಪ್ಪ ಪಕ್ಕದವರ ಮುಖ ನೋಡಿದರು. "ಹಾಡಿನ ಪ್ಲೇಟಿಗೆ ಸ್ಕೂಲಿಗೆ ರಜಾ ಹಾಕಿ ಬಂದವ್ನೆ, ನಂಬು."

ಚಿಕ್ಕಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ತಂದಿಟ್ಟರು. ಕೋಫಿ ಖಾರಕ್ಕೆ ಹೆದರದೆ ಮೂರು ರೊಟ್ಟಿ ತಿಂದ. ಅವನು ಕೈತೊಳೆಯಲು ಹಿತ್ತಲಿಗೆ ಹೋದಾಗ ಚಿಕ್ಕಮ್ಮನೇ ಬಾಯಿಬಿಟ್ಟರು: "ಆ ಪೆಟ್ಗೆ ಇಲ್ಲ ಕಣಪ್ಪ. ಇವ್ರು ಕ್ಯಾರ್‌ಪೇಟೆ ಮೈಕ್ ಸೆಟ್ ಬಾಷಾ ಸಾಬ್ರಿಗೆ ಕೊಟ್ಬುಟ್ರು. ಭಾಳ ವರ್ಸಾಯ್ತು." ಚಿಕ್ಕಪ್ಪ ತಲೆ ತಗ್ಗಿಸಿದರು. ಪೆಟ್ಟಿಗೆ ಕೊಟ್ಟಿದ್ದು ತಪ್ಪು ಅಂತಲ್ಲ, ಜಮೀನಿನ ಮಾತು ಬರಲಿಲ್ಲವಲ್ಲ ಎನ್ನುವ ಗೊಂದಲ ಅವರ ಮುಖದಲ್ಲಿತ್ತು. ನಾವು ಬಸ್ಸು ಹತ್ತುವವರೆಗೂ ಪಕ್ಕದ ಮನೆಯವರು ನಮ್ಮ ಹಿಂದೆಯೇ ನಡೆದು ಬಂದರು.

ಚಿನಕುರಳಿಯ ಮೇಲೆ ಹಾಯ್ದು ಕೆ.ಆರ್. ಪೇಟೆ ತಲುಪುವಷ್ಟರಲ್ಲಿ ಮಧ್ಯಾಹ್ನ. ದಾರಿಯುದ್ದಕ್ಕೂ ಕೋಫಿಗೆ ಸಣ್ಣ ಸಣ್ಣ ಪ್ರಶ್ನೆ ಹಾಕಿದೆ. ಕ್ಲಬ್ಬಿನ ಮುಂದೆ ಯಾವ ಮರವಿತ್ತು? ಬ್ಯಾಂಡಿನವರು ಯಾವ ಬಣ್ಣದ ಅಂಗಿ ಹಾಕುತ್ತಿದ್ದರು? "ನಾನು ಆಗ ಹುಟ್ಟಿರಲಿಲ್ಲ ಸರ್," ಎಂದ ಪ್ರತಿ ಸಲವೂ. ಸರಿಯಾದ ಉತ್ತರವೇ. ಸುಳ್ಳು ಹೇಳುವವನಿಗೂ ಅದು ಅನುಕೂಲದ ಉತ್ತರವೇ.

ಬಾಷಾ ಅವರ ಅಂಗಡಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಬಾಗಿಲಲ್ಲಿ ನಾವು ಕಾಣಿಸಿಕೊಂಡಿದ್ದೇ ತಡ, ಒಳಗೆ ಯಾರೋ ಕ್ಯಾಸೆಟ್ಟುಗಳ ಒಂದು ರಾಶಿಯ ಮೇಲೆ ಜಮಖಾನ ಎಳೆದರು. ಬಾಷಾ ಬಿಳಿ ಗಡ್ಡದ ಮುದುಕ. "ನಮ್ದು ಎಲ್ಲಾ ಒರಿಜಿನಲ್ಲು ಸಾಬ್. ಡೂಪ್ಲಿಕೇಟ್ ಮಾಡಾಕಿಲ್ಲ ನಾವು. ಕ್ಯಾಸೆಟ್ ಕಂಪನಿಯೋರು ಹೋದ್ ತಿಂಗ್ಳೂ ಬಂದು ನೋಡ್ಕೊಂಡ್ ಹೋಗವ್ರೆ."

ನಾವು ಕಂಪನಿಯವರಲ್ಲ ಎಂದು ನಂಬಿಸುವುದಕ್ಕೆ ಎರಡು ಟೀ ಬೇಕಾಯಿತು. ನಮ್ಮಪ್ಪನ ಹೆಸರು ಹೇಳಿದ ಮೇಲೆ ಅವರ ದನಿ ಇಳಿಯಿತು.

"ಆ ಪ್ಲೇಟು ಮದ್ವೆಗೆ ಹಾಕಿದ್ರೆ ಜನ ಬೈಯೋರು ಸಾಬ್, ಇದ್ಯಾವ ಭಾಷೆ ಅಂತ. ಹೆಂಗಸ್ರು ಮಾತ್ರ ನಗೋರು. ಕ್ಯಾಸೆಟ್ ಬಂದ್ ಮೇಲೆ ಅದೂ ನಿಂತೋಯ್ತು. ಆಮೇಲೆ..." ಎಂದು ಮೇಜಿನತ್ತ ಕೈ ತೋರಿಸಿದರು. ಅಲ್ಲಿ ಸ್ಕ್ರೂ, ಮೊಳೆ ತುಂಬಿದ ಒಂದು ಕಪ್ಪು ಬಟ್ಟಲು. ಅಂಚೆಲ್ಲ ಹೂವಿನ ಎಸಳಿನಂತೆ ಮಡಿಸಿಕೊಂಡಿತ್ತು. "ಪ್ಲೇಟ್ನ ಬಿಸಿನೀರಲ್ಲಿ ಅದ್ದಿದ್ರೆ ಮೆತ್ಗಾಯ್ತದೆ. ಬೇಕಾದ್ ಶೇಪು. ನಮ್ಮ ಬೀಬಿ ಇಡೀ ಪೆಟ್ಗೆ ಖಾಲಿ ಮಾಡ್ಬುಟ್ಳು. ಬೀದೀಲಿ ಎಲ್ರ ಮನೇಲೂ ಐತೆ."

ಕೋಫಿ ಮೊಳೆಗಳನ್ನು ಮೇಜಿನ ಮೇಲೆ ಸುರಿದು ಬಟ್ಟಲನ್ನು ಬೆಳಕಿಗೆ ಹಿಡಿದ. ತಳದಲ್ಲಿ ಹಳದಿ ಲೇಬಲ್ಲು. ಅವನು ಮೊದಲು ಓದಿದ್ದು ಹಾಡಿನ ಹೆಸರನ್ನಲ್ಲ, ಅಂಚಿನಲ್ಲಿದ್ದ ನಂಬರನ್ನು. ಓದಿ, "ಅಯ್ಯೋ, ಇದನ್ನು ಲಂಡನ್ನಿನವರು ಎಷ್ಟು ವರ್ಷದಿಂದ ಹುಡುಕುತ್ತಿದ್ದಾರೆ," ಎಂದ. ನನ್ನ ಬೆನ್ನು ನೆಟ್ಟಗಾಯಿತು. ಅಪ್ಪನ ನೆನಪಿಗೆ ಬಂದವನಿಗೆ ನಂಬರು ಹೇಗೆ ಗೊತ್ತು, ಲಂಡನ್ನು ಹೇಗೆ ಗೊತ್ತು?

"ಕೆಂಪು ಲೇಬಲ್ಲಿನದು, ಸಣ್ಣದು?" ಎಂದು ನಾನೇ ಬಾಷಾ ಅವರನ್ನು ಕೇಳಿದೆ.

"ಅದೊಂದು ಉಳೀತು. ನಾಗಮಂಗ್ಲದ ಕಡೆ ಟೆಂಟ್ ಸಿನಿಮಾ ಚಿಕ್ಕಣ್ಣ ಇಸ್ಕೊಂಡ್ ಹೋದ. ಆಟ ಸುರುವಾಗೋಕ್ ಮುಂಚೆ ಜನ ಕರ್‍ಯಕ್ಕೆ ಜೋರಾಗಿರೋದು ಬೇಕು ಅಂತ. ಈಗ ಬಿಂಡಿಗನವಿಲೇಲಿ ಟೆಂಟ್ ಹಾಕವ್ನೆ."

ನಾಗಮಂಗಲದ ಬಸ್ಸು ಹತ್ತಿದೆವು. ಹೊಲಗಳು ಒಣಗಿ ಬಿಳಿಚಿದ್ದವು, ಕಿಟಕಿಯಿಂದ ಧೂಳು ನುಗ್ಗುತ್ತಿತ್ತು. ಇಳಿದು ಹೋಟೆಲಿನಲ್ಲಿ ಕಾಫಿಗೆ ಕೂತಾಗ ಇನ್ನು ತಡೆಯಲಾಗದೆ ಕೇಳಿಯೇ ಬಿಟ್ಟೆ: "ಮೈಸೂರಿನ ಆ ಅಂಗಡಿಯಲ್ಲಿ ನಿಮ್ಮನ್ನು ನೋಡಿದೆ. ಈ ಚೀಲ ಆ ಮಾಲೀಕನದಾ?"

ಕೋಫಿ ಲೋಟ ಕೆಳಗಿಟ್ಟ. "ಹೌದು, ಅವನದೇ. ಘಾನಾದ ಪ್ಲೇಟು ಸಿಕ್ಕರೆ ತಂದುಕೊಡು ಎಂದಿದ್ದ. ಯಾವ ನಂಬರಿಗೆ ಬೇಡಿಕೆ ಎಂದೂ ಹೇಳಿಕೊಟ್ಟಿದ್ದ. ನಿಮ್ಮನ್ನು ಕೇಳಿ, ನೀವು ಒಪ್ಪಿದರೆ ಕೊಡಬೇಕೆಂದಿದ್ದೆ. ಕೆಂಪು ಲೇಬಲ್ಲಿನದನ್ನು ಮಾತ್ರ ಕೊಡುತ್ತಿರಲಿಲ್ಲ." ನನ್ನ ಬ್ಯಾಗಿನತ್ತ ನೋಡಿ, "ನೀವೂ ಟೇಪ್ ರೆಕಾರ್ಡರ್ ತಂದದ್ದು ಪ್ಲೇಟು ನನ್ನ ಕೈಗೆ ಕೊಡಬಾರದೆಂದೇ ಅಲ್ಲವೆ?" ಎಂದ.

ನಾನು ಕಾಫಿಯ ದುಡ್ಡು ಕೊಡಲು ಎದ್ದೆ. ಅರ್ಧ ಒಪ್ಪಿಕೊಂಡು ಉಳಿದರ್ಧ ಮುಚ್ಚಿಡುವವರನ್ನು ನಮ್ಮ ಸ್ಟಾಫ್ ರೂಮಿನಲ್ಲೇ ಬೇಕಾದಷ್ಟು ನೋಡಿದ್ದೇನೆ. ಅಲ್ಲಿಂದಲೇ ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೆ ಬಿಂಡಿಗನವಿಲೆಯ ಬಸ್ಸು ಎದುರಿಗೇ ನಿಂತಿತ್ತು, ಕೋಫಿ ಆಗಲೇ ಹತ್ತಿ ಕೂತಿದ್ದ. ಅವನೊಬ್ಬನನ್ನೇ ಕಳಿಸುವ ಧೈರ್ಯವೂ ನನಗಿರಲಿಲ್ಲ. ಹತ್ತಿದೆ.

ಬಿಂಡಿಗನವಿಲೆಯಲ್ಲಿ ಕುರಿಗಳು ಹಟ್ಟಿಗೆ ಮರಳುವ ಹೊತ್ತು. ಊರಾಚೆ ಬಯಲಿನಲ್ಲಿ ತೇಪೆ ಹಾಕಿದ ಟೆಂಟು, ಪಕ್ಕದಲ್ಲಿ ಗುಡುಗುಡು ಎನ್ನುವ ಜನರೇಟರು, ಕಂಬದ ಮೇಲೆ ಮೈಕಿನ ಎರಡು ಹಾರ್ನು. ಚಿಕ್ಕಣ್ಣ ಐವತ್ತು ದಾಟಿದ ಗಟ್ಟಿ ಆಳು. ವಿಷಯ ಕೇಳಿದವನೇ ಪ್ಲೇಟಿದ್ದ ಡಬ್ಬದ ಮೇಲೆ ಕೂತುಬಿಟ್ಟ.

"ಕೊಡಾಕಿಲ್ಲ. ಇದು ಕೇಳಿದ್ರೇನೇ ಜನ ಊಟ ಮುಗ್ಸಿ ಎದ್ದು ಬರಾದು. ಕ್ಯಾಸೆಟ್ ಹಾಕಿ ನೋಡ್ದೆ, ಒಬ್ರೂ ಬರ್ನಿಲ್ಲ."

"ಕೊಡಬೇಡಿ. ಒಂದು ಸಲ ಹಾಕಿ, ಸಾಕು," ಎಂದೆ.

ಹೇಗೂ ಹಾಕುವ ಹೊತ್ತಾಗಿತ್ತು. ನ್ಯೂಸ್‌ಪೇಪರಿನಲ್ಲಿ ಸುತ್ತಿಟ್ಟಿದ್ದ ಪ್ಲೇಟನ್ನು ತೆಗೆದ. ಕೆಂಪು ಲೇಬಲ್ಲು ಅರ್ಧ ಸವೆದಿತ್ತು. ಹಾರ್ನಿನಿಂದ ಮೊದಲು ಡ್ರಮ್ಮು, ಆಮೇಲೆ ಗಿಟಾರು, ಅದರ ಮೇಲೆ ಗುಂಪಿನ ಹಾಡು ಹೊರಬಿತ್ತು. ಕ್ಲಬ್ಬಿನ ಸಿಮೆಂಟು ನೆಲ, ಅಪ್ಪನ ಪಾಲಿಶ್ ಮಾಡಿದ ಬೂಟು ಕಣ್ಣಿಗೆ ಬಂದವು. ಟ್ರಂಪೆಟ್ ಎದ್ದಿತು. ಮೂರು ಸ್ವರ ಕೇಳಿದ್ದಷ್ಟೇ, ಚಿಕ್ಕಣ್ಣ ಸೂಜಿ ಎತ್ತಿಬಿಟ್ಟ.

"ಮುಂದಕ್ಕೆ?" ಎಂದ ಕೋಫಿ ಕನ್ನಡದಲ್ಲಿ.

"ಮುಂದೆ ಕೆಟ್ಟೋಗದೆ ಕಣಪ್ಪ. ನಂಗೆ ಬಂದಾಗಿಂದ ಇಂಗೇ. ಸೂಜಿ ಹಾರ್ತದೆ. ಅದ್ಕೆ ಅಲ್ಲೀಗೆ ಎತ್ಬುಟ್ಟು ಕೊನೇಗೆ ಹಾಕ್ತೀನಿ." ನಂಬಿಕೆಯಾಗಲೆಂದು ಹಾಕಿಯೂ ತೋರಿಸಿದ. ಟಕ್, ಟಕ್, ಟಕ್. ಟ್ರಂಪೆಟ್ಟಿನ ಭಾಗವೆಲ್ಲ ಆಳವಾಗಿ ಗೀರಿಹೋಗಿತ್ತು.

ಕೋಫಿ ತಲೆ ಬಗ್ಗಿಸಿ ನಿಂತಿದ್ದ. ಆಮೇಲೆ ಮೆಲ್ಲಗೆ ಶಿಳ್ಳೆ ಹಾಕತೊಡಗಿದ. ಆ ಮೂರು ಸ್ವರದಿಂದಲೇ ಎತ್ತಿಕೊಂಡು, ಮೇಲೆ ಹೋಗಿ, ಅಲ್ಲಿ ಎರಡು ಸಲ ಎಡವಿದಂತೆ ಮಾಡಿ, ನಗುತ್ತಾ ಜಾರಿ ಕೆಳಗಿಳಿದ. ಆ ಎಡವುವ ಜಾಗದಲ್ಲಿ ನನ್ನ ಮೈ ಜುಮ್ಮೆಂದಿತು. ಪ್ರತಿ ಶನಿವಾರ ಅಲ್ಲಿಗೆ ಬಂದಾಗ ನಾವು ಹುಡುಗರು ಬೇಕೆಂದೇ ನೆಲಕ್ಕೆ ಬೀಳುತ್ತಿದ್ದೆವು. ಇಪ್ಪತ್ತು ವರ್ಷದಿಂದ ಮರೆತಿದ್ದೆ. ಈ ಪ್ಲೇಟಿನಿಂದ ಅದನ್ನು ಕಲಿಯಲು ಯಾರಿಗೂ ಸಾಧ್ಯವಿರಲಿಲ್ಲ. ಈ ಸೀಮೆಯಲ್ಲಿ ಅದು ಸರಿಯೋ ತಪ್ಪೋ ಎಂದು ಹೇಳಬಲ್ಲವನು ನಾನೊಬ್ಬನೇ. ಅದು ಸರಿಯಾಗಿತ್ತು.

"ಇವ್ರಪ್ಪಂದಾ ಇದು?" ಎಂದ ಚಿಕ್ಕಣ್ಣ.

"ಹೌದು," ಎಂದೆ. ಈ ಸಲ ತಡವಾಗಲಿಲ್ಲ.

"ಅಂಗಾದ್ರೆ ಮೈಕಲ್ಲಿ ಊದಕ್ಕೇಳಿ, ಇನ್ನೊಂದ್ ದಪ ಹಾಕ್ತೀನಿ."

ನಾನು ಟೇಪ್ ರೆಕಾರ್ಡರನ್ನು ಹಾರ್ನಿನ ಕಂಬದ ಬುಡದಲ್ಲಿಟ್ಟು ಗುಂಡಿ ಒತ್ತಿದೆ. ಪ್ಲೇಟು ತಿರುಗಿತು. ಟ್ರಂಪೆಟ್ ಎದ್ದು ಮೂರು ಸ್ವರವಾಗುತ್ತಿದ್ದಂತೆ ಚಿಕ್ಕಣ್ಣ ಸೂಜಿ ಎತ್ತಿ, ಇನ್ನೊಂದು ಕೈಯಿಂದ ಮೈಕನ್ನು ಕೋಫಿಯ ಬಾಯಿಗೆ ಹಿಡಿದ. ಶಿಳ್ಳೆ ಬಯಲು ದಾಟಿ ಊರ ಮೇಲೆ ಹೋಯಿತು. ಮುಗಿದ ತಕ್ಷಣ ಸೂಜಿ ಹಾಡಿನ ಕೊನೆಗೆ ಬಿತ್ತು. ಚಾಪೆ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ಟಿಕೆಟ್ ಕಿಂಡಿಯಲ್ಲಿ, "ಇವತ್ತೇನ್ ಚಿಕ್ಕಣ್ಣ, ಹಾಡು ಉದ್ದಕ್ಕೈತೆ?" ಅಂದಳು.

ಈಗ ಪ್ಲೇಟು ಕೊಡಿ ಅಂತ ಕೇಳುತ್ತಾನೆ ಎಂದು ಕಾದೆ. ಕೋಫಿ ಕೇಳಲಿಲ್ಲ. ಅದನ್ನು ತಾನೇ ನ್ಯೂಸ್‌ಪೇಪರಿನಲ್ಲಿ ಸುತ್ತಿ ಚಿಕ್ಕಣ್ಣನ ಕೈಗೆ ಕೊಟ್ಟ. ನಾನು ಕ್ಯಾಸೆಟ್ಟು ತೆಗೆದು ಕೋಫಿಗೆ ಕೊಟ್ಟೆ. ಅವನು ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡ.

ನಾಗಮಂಗಲಕ್ಕೆ ಕೊನೆಯ ಬಸ್ಸು ಸಿಕ್ಕಿತು. ಹಿಂದಿನ ಗಾಜಿನಲ್ಲಿ ಟೆಂಟಿನ ಬೆಳಕು ಹೊಲದ ಬದುವಿನ ಆಚೆ ಸಣ್ಣದಾಗುತ್ತಿತ್ತು.

"ನಿಮ್ಮ ತಂದೆ ಈಗ ಏನು ಮಾಡುತ್ತಾರೆ?" ಎಂದು ಕೇಳಿದೆ. ಪರೀಕ್ಷಿಸುವುದಕ್ಕಲ್ಲದೆ ಆ ದಿನ ಅವನಿಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು.

"ಕೋಳಿ ಸಾಕುತ್ತಾರೆ. ಉಸಿರು ಸಾಲುವುದಿಲ್ಲವೆಂದು ಟ್ರಂಪೆಟ್ ಬಿಟ್ಟು ಬಹಳ ಕಾಲವಾಯಿತು," ಎಂದ ಕೋಫಿ. "ಸಂಜೆ ಕೋಳಿಗಳನ್ನು ಗೂಡಿಗೆ ಕರೆಯುವಾಗ ಈ ಶಿಳ್ಳೆಯನ್ನೇ ಹಾಕುತ್ತಾರೆ. ಎಲ್ಲಿದ್ದರೂ ಓಡಿ ಬರುತ್ತವೆ."